ದಸರಾ ರಜೆಯಲ್ಲಿ ಗಾಳಿಗೂ ರಜೆ

ಕರೆಂಟಿನ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ, ಜೊತೆಗೆ ಬ್ಯಾಟರಿ ಮೋಟರ್) ಬಾಡಿಗೆಗೆ ಹಿಡಿದು ಮನೆಮಂದಿಯೆಲ್ಲ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳನ್ನು ಸುತ್ತಿ ಬಂದ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟಾಯ್ತು?" ಯಾವ ತಿಂಗಳು ಹೋಗಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾವೂ ಕೇಳಿರಲಿಲ್ಲ. ಎಡವಿದ್ದೇ ಅಲ್ಲಿ.

ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ್ದು. ಗಾಳಿ ಮಗ್ಗುಲು ಬದಲಿಸುವ ಏಪ್ರಿಲ್, ಅಕ್ಟೋಬರ್‌ಗಳಲ್ಲಿ ಸಮುದ್ರ ಹೆಚ್ಚಾಗಿ ಕೆರೆಯಂತೆ ಮಲಗಿರುತ್ತದೆ. ನಮ್ಮ ಬೇಸಿಗೆ ರಜೆ, ದಸರಾ ರಜೆ ಬೀಳುವುದೂ ಆಗಲೇ! ಈಜಲು, ಮೀನು ನೋಡಲು ಚೆನ್ನ. ಹಾಯಿಗೆ ಅಲ್ಲ.

ಹಾಯಿ ಉಬ್ಬಿದರೆ ಈ ದೋಣಿಯ ಸೊಗಸೇ ಬೇರೆ. ನೀರಿನ ರಭಸಕ್ಕೆ ಪ್ರೊಪೆಲರ್ ತಿರುಗಿ, ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ. (ವೇಗ ತುಸು ತಗ್ಗುತ್ತದೆ, ಪುಕ್ಕಟೆ ಯಾವುದೂ ಇಲ್ಲ.) ನಮಗೆ ಆ ಭಾಗ್ಯ ಸಿಕ್ಕಿದ್ದು ಒಂದೇ ಒಂದು ಮಧ್ಯಾಹ್ನ. ಮಾಹೆ ದ್ವೀಪದಿಂದ ಪ್ರಾಸ್ಲಿನ್ ದ್ವೀಪಕ್ಕೆ ಸುಮಾರು 45 ಕಿ.ಮೀ., ಪೂರ್ತಿ ಮೋಟರಿನಲ್ಲೇ. ದೋಣಿ ನಡೆಸುವ ಸ್ಕಿಪ್ಪರ್ ವೇಗವನ್ನು ಗಂಟೆಗೆ 13 ಕಿ.ಮೀ.ನಿಂದ 9ಕ್ಕೆ ಇಳಿಸಿದ. ಅಷ್ಟಕ್ಕೇ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಾಗುತ್ತದೆ. ಆದರೆ ಐದು ತಾಸು! "ಅಪ್ಪಾ, ಸೈಕಲ್ಲೇ ವಾಸಿ" ಅಂದಳು ಮಗಳು.

ಜಾಹೀರಾತಿನಲ್ಲಿ 'ಡೀಸೆಲ್ ಮುಕ್ತ' ಅಂತಿತ್ತು. ಮೊದಲ ರಾತ್ರಿಯೇ ಕೆಳಗೆಲ್ಲೋ ಜನರೇಟರ್ ಗುರ್ರೆಂದಿತು. ಅದು ಇರಲಿ ಬಿಡಿ, ಇರಲೇಬೇಕು. ಲಂಗರು ಜಾರಿದ ಹೊತ್ತಲ್ಲಿ ಬ್ಯಾಟರಿ ಬರಿದಾಗಿದ್ದರೆ ಏನು ಗತಿ? ನನ್ನ ತಕರಾರು ಬಚ್ಚಿಟ್ಟಿದ್ದಕ್ಕೆ. ಅಂದಹಾಗೆ, ಆ ರಾತ್ರಿ ಬ್ಯಾಟರಿ ಕುಡಿದದ್ದು ಮೋಟರ್ ಅಲ್ಲ, ನಾಲ್ಕು ಕೋಣೆಗಳ ಎಸಿ.

ದಾರಿಗೆ ತಂದವಳು ಅಮ್ಮ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಸಂಸಾರ ಮಾಡಿದವಳು. ಬ್ಯಾಟರಿ ಮೀಟರ್ ನೋಡಿ, "ಯುಪಿಎಸ್ ಮೇಲೆ ಗೀಸರ್ ಹಾಕ್ತಾರೇನೋ?" ಅಂತ ಗದರಿದಳು. ಮರುದಿನದಿಂದ ಅನ್ನ, ಸಾರು ಎಲ್ಲ ಬಿಸಿಲು ನೆತ್ತಿಗೇರಿದ ಮೇಲೇ, ಸೋಲಾರ್ ಜೋರಾಗಿ ಕೊಡುವಾಗ, ಇಂಡಕ್ಷನ್ ಒಲೆಯ ಮೇಲೆ. ಉಪ್ಪುನೀರು ಸಿಹಿ ಮಾಡುವ ಯಂತ್ರವೂ ಆಗಲೇ. ರಾತ್ರಿ ಎಸಿ ಬಂದ್, ನೆತ್ತಿಯ ಮೇಲಿನ ಕಿಟಕಿ ತೆಗೆದು ನಿದ್ದೆ. ದೈತ್ಯ ಆಮೆಗಳ ಕ್ಯೂರಿಯೂಜ್ ದ್ವೀಪದ ಬಳಿ ತಂಗಿದ ಮೂರನೇ ರಾತ್ರಿ ಜನರೇಟರ್ ಒಮ್ಮೆಯೂ ಕೆಮ್ಮಲಿಲ್ಲ.

ಮತ್ತೆ ಹೋದರೆ ಆಗಸ್ಟ್‌ನಲ್ಲೇ. ಅಲೆ ಜೋರಿರುತ್ತದೆ, ಒಂದಿಬ್ಬರು ವಾಂತಿಯೂ ಮಾಡಬಹುದು, ಆದರೂ ಗಾಳಿ ಇರುತ್ತದಲ್ಲ. ಮಗಳ ಶಾಲೆಯ ರಜಾಚೀಟಿಯಲ್ಲಿ ಕಾರಣ 'ಆಗ್ನೇಯ ಮಾರುತ' ಅಂತ ಬರೆದರೆ ಒಪ್ತಾರಾ? ಮೇಷ್ಟ್ರು ಯಾರಾದರೂ ಇದ್ದರೆ ಹೇಳಿ.