ತೀರ್ಪು ಕೇಳುವವನಿಗೆ ಅರ್ಥವಾಗಬೇಕು

ಅಮೆರಿಕದ ಪೌರತ್ವ ಪಡೆದ ಮರುವರ್ಷವೇ, ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿಯ ಸೇವೆಗೆ ಹಾಜರಾಗಬೇಕೆಂದು ಟೆಕ್ಸಾಸ್‌ನ ನಮ್ಮ ಕೌಂಟಿಯಿಂದ ನನಗೆ ಸಮನ್ಸ್ ಬಂತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೋರ್ಟು ಎಂದರೆ ಅಡಿಕೆ ತೋಟದ ಗಡಿಯ ದಾವೆ, ಅಪ್ಪನ ಖಾಕಿ ಚೀಲ ಮತ್ತು ಮುಗಿಯದ ವಾಯಿದೆಗಳು. ಹಾಗಾಗಿ ಆ ಲಕೋಟೆಯನ್ನು ಒಡೆಯುವಾಗ ಮನಸ್ಸು ಅಳುಕಿತು.

ಕುಡಿದು ಕಾರು ಓಡಿಸಿದ ಆರೋಪದ ಮೊಕದ್ದಮೆ ಅದು. ಇಲ್ಲಿ ಗಂಭೀರ ಅಪರಾಧಗಳಿಗೆ ಹನ್ನೆರಡು ಮಂದಿಯ ಜ್ಯೂರಿಯಾದರೆ, ಇಂಥ ಸಣ್ಣ ಅಪರಾಧಗಳಿಗೆ ಆರು ಮಂದಿ ಸಾಕು. ಎರಡೂ ಕಡೆಯ ವಕೀಲರು ಪ್ರಶ್ನೆ ಕೇಳಿ ಆರಿಸಿದ ಆರು ಜನರಲ್ಲಿ ನಾನೂ ಒಬ್ಬನಾದೆ. ಆರೋಪವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು, ಆರೋಪಿ ಬಾಯಿ ಬಿಡಬೇಕಾಗಿಯೇ ಇಲ್ಲ, ಅವನ ಮೌನವನ್ನು ಅವನ ವಿರುದ್ಧ ಎಣಿಸಕೂಡದು ಎಂಬುದನ್ನು ನ್ಯಾಯಾಧೀಶೆ ಶಾಲೆಯ ಮೇಷ್ಟ್ರಂತೆ ನಿಧಾನವಾಗಿ ನಮಗೆ ತಿಳಿಸಿಕೊಟ್ಟರು. ಇಂಗ್ಲಿಷ್ ಬಾರದ ಆರೋಪಿಯ ಪಕ್ಕದಲ್ಲೇ ಕುಳಿತಿದ್ದ ದುಭಾಷಿ ಪ್ರತಿಯೊಂದು ಮಾತನ್ನೂ ತಗ್ಗಿದ ದನಿಯಲ್ಲಿ ಸ್ಪ್ಯಾನಿಷ್‌ಗೆ ತಿರುಗಿಸುತ್ತಿದ್ದರು. ಕೊನೆಯಲ್ಲಿ, ಈ ಪ್ರಕರಣಕ್ಕೆ ಅನ್ವಯಿಸುವ ಕಾನೂನು ಏನೆಂಬ ಬರಹವನ್ನು ನ್ಯಾಯಾಧೀಶೆ ಗಟ್ಟಿಯಾಗಿ ಓದಿ, ಅದರ ಪ್ರತಿಯನ್ನು ನಮ್ಮ ಕೈಗಿತ್ತರು. ಒಳಕೋಣೆಯಲ್ಲಿ ನಿವೃತ್ತ ಲಾರಿ ಚಾಲಕರೊಬ್ಬರು ಅದರ ಒಂದು ಸಾಲನ್ನು ನಮ್ಮಿಂದ ಎರಡು ಸಲ ಓದಿಸಿ, ಅದು ತಮಗೆ ಮನದಟ್ಟಾದ ಮೇಲೆಯೇ ಅಭಿಪ್ರಾಯ ಹೇಳಿದರು.

ಜ್ಯೂರಿ ಪದ್ಧತಿಯ ನಿಜವಾದ ಬೆಲೆ ನನಗೆ ಕಂಡಿದ್ದು ಅಲ್ಲಿ. ಕಾನೂನು ಓದದ ಆರು ಜನ ತೀರ್ಮಾನಿಸಬೇಕಾಗಿರುವುದರಿಂದ, ನ್ಯಾಯಾಧೀಶರೂ ವಕೀಲರೂ ಲಾರಿ ಚಾಲಕನಿಗೆ ಅರ್ಥವಾಗುವ ಮಾತಿನಲ್ಲಿ ಕಾನೂನನ್ನು ಹೇಳಲೇಬೇಕು. ಹೇಳದಿದ್ದರೆ ಮೊಕದ್ದಮೆ ಮುಂದೆ ಸಾಗುವುದಿಲ್ಲ.

ಹಾಗೆಂದು ಇಲ್ಲಿನದೆಲ್ಲ ಮೇಲು ಎಂದು ನಾನು ಹೇಳುತ್ತಿಲ್ಲ. ಜ್ಯೂರಿಯ ಮುಂದೆ ವಿಚಾರಣೆ ನಡೆಯುವುದೇ ಅಪರೂಪ. ಫೆಡರಲ್ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ಶೇ. 97ರಷ್ಟು, ರಾಜ್ಯಗಳ ನ್ಯಾಯಾಲಯಗಳಲ್ಲಿ ಶೇ. 94ರಷ್ಟು ಆರೋಪಿಗಳ ತಪ್ಪೊಪ್ಪಿಗೆಯಿಂದಲೇ ಬರುತ್ತವೆ ಎಂದು ಅಮೆರಿಕದ ಸುಪ್ರೀಂ ಕೋರ್ಟೇ 2012ರಲ್ಲಿ ಬರೆದಿದೆ. ವಿಚಾರಣೆಯಲ್ಲಿ ಸೋತರೆ ಹೆಚ್ಚಿನ ಶಿಕ್ಷೆ, ಈಗಲೇ ಒಪ್ಪಿಕೊಂಡರೆ ಕಡಿಮೆ ಎಂಬ ಆ ಚೌಕಾಸಿಯಲ್ಲಿ, ಜಾಮೀನಿಗೆ ಹಣವಿಲ್ಲದೆ ಜೈಲಿನಲ್ಲಿ ಕುಳಿತ ಬಡವ ತಾನು ಮಾಡದ ತಪ್ಪನ್ನೂ ಒಪ್ಪಿಕೊಂಡಾನು. ಅದೇ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದಾಗಿ ಅಂಥವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆಂಬುದು ದೊಡ್ಡ ಮಾತೇ, ಆದರೆ ಆ ವಕೀಲರ ಮೇಜಿನ ಮೇಲೆ ಕಡತಗಳ ರಾಶಿಯೇ ಇರುತ್ತದೆ.

ನ್ಯಾಯಾಧೀಶರ ನೇಮಕವೂ ನನಗೆ ಒಪ್ಪಿಗೆಯಾಗಿಲ್ಲ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿದರೆ, ಅವರ ಹುದ್ದೆ ಜೀವಮಾನದ್ದು. ಟೆಕ್ಸಾಸ್‌ನಲ್ಲಿಯಾದರೋ ನ್ಯಾಯಾಧೀಶರು ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುತ್ತಾರೆ. ಮತಗಟ್ಟೆಯಲ್ಲಿ ಪರದೆಯಿಂದ ಪರದೆಗೆ ಸಾಗುವ ಆ ಹೆಸರುಗಳಲ್ಲಿ ಬಹುಪಾಲು ಯಾರೆಂದೇ ತಿಳಿಯದೆ ನಾನು ಮತ ಹಾಕಿದ್ದೇನೆ. ನಮ್ಮಲ್ಲಿ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಬಾಗಿಲು ಮುಚ್ಚಿಕೊಂಡು ಆರಿಸುತ್ತದೆಂಬ ದೂರು ನ್ಯಾಯವಾದುದೇ. ಆದರೂ ತೀರ್ಪು ಕೊಡುವವರು ಮತ ಕೇಳುವುದಕ್ಕಿಂತ, ಹೈಕೋರ್ಟಿನಲ್ಲಿ 62ಕ್ಕೆ, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತರಾಗುವ ನಮ್ಮ ಕ್ರಮವೇ ವಾಸಿ.

ಜ್ಯೂರಿಯನ್ನು ಭಾರತಕ್ಕೆ ಮರಳಿ ತರಬೇಕೆಂದೂ ನಾನು ಕೇಳುವುದಿಲ್ಲ. 1959ರಲ್ಲಿ ಮುಂಬಯಿಯಲ್ಲಿ ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಜ್ಯೂರಿ ಒಂದರ ವಿರುದ್ಧ ಎಂಟು ಮತಗಳಿಂದ ಆರೋಪಿ ನಿರ್ದೋಷಿ ಎಂದಿತು, ಹೈಕೋರ್ಟು ಅದನ್ನು ತಳ್ಳಿಹಾಕಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಪದ್ಧತಿಗೆ ಜಾಗವೇ ಉಳಿಯಲಿಲ್ಲ. ಜಾತಿ, ನೆಂಟಸ್ತನ, ಊರಿನ ಹಗೆ ಇವೆಲ್ಲ ಹೆಣೆದುಕೊಂಡಿರುವ ನಮ್ಮ ತಾಲ್ಲೂಕುಗಳಲ್ಲಿ ಅದು ಇನ್ನಷ್ಟು ತೊಡಕನ್ನೇ ತಂದೀತು.

ನನಗೆ ಬೇಕಿರುವುದು ಆ ಅರ್ಥವಾಗುವ ಮಾತು. ಅಪ್ಪನ ದಾವೆ ಕೆಳ ನ್ಯಾಯಾಲಯದಲ್ಲಿದ್ದಾಗ ಕಾಗದಪತ್ರಗಳು ಕನ್ನಡದಲ್ಲಿದ್ದವು. ಪಾಟೀ ಸವಾಲಿನಲ್ಲಿ ಯಾರು ಏನು ಹೇಳಿದರೆಂಬುದನ್ನು ಅವರು ರಾತ್ರಿ ಊಟಕ್ಕೆ ಕುಳಿತಾಗ ಒಂದಕ್ಷರ ಬಿಡದೆ ಹೇಳುತ್ತಿದ್ದರು. ಮೇಲ್ಮನವಿ ಹೈಕೋರ್ಟಿಗೆ ಹೋದ ಮೇಲೆ ಎಲ್ಲವೂ ಇಂಗ್ಲಿಷ್ ಆಯಿತು. ಕೊನೆಗೆ ತೀರ್ಪಿನ ನಕಲು ಕೈಗೆ ಬಂದಾಗ ಅಪ್ಪ ಅದನ್ನು ಪಕ್ಕದೂರಿನ ಹೈಸ್ಕೂಲ್ ಮೇಷ್ಟ್ರ ಬಳಿಗೆ ಒಯ್ದರು. ಮೇಷ್ಟ್ರು ಕೊನೆಯ ಪುಟದ ಎರಡು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, 'ನಿಮ್ಮ ಕಡೆಗೇ ಆಗಿದೆ ಹೆಗ್ಡೇರೆ' ಎಂದರಂತೆ. ಹೇಗೆ ಆಯಿತು, ಯಾವ ಸಾಕ್ಷ್ಯವನ್ನು ನ್ಯಾಯಮೂರ್ತಿಗಳು ನಂಬಿದರು ಎಂಬುದು ಗೆದ್ದ ಅಪ್ಪನಿಗೂ ಕೊನೆಯವರೆಗೆ ತಿಳಿಯಲಿಲ್ಲ.

ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ಆದರೆ ರಾಷ್ಟ್ರಪತಿಗಳ ಸಮ್ಮತಿ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಗೆ ಅನುಮತಿ ಕೊಡಲು ಅದೇ ವಿಧಿಯಲ್ಲಿ ದಾರಿಯಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ ಮತ್ತು ಬಿಹಾರ ಆ ದಾರಿಯಲ್ಲಿ ಹಿಂದಿಯನ್ನು ತಂದುಕೊಂಡಿವೆ. ಕನ್ನಡಕ್ಕೆ ಆ ಅವಕಾಶ ಸಿಗಲೆಂದು ರಾಜ್ಯ ಸರ್ಕಾರ ಪಟ್ಟು ಹಿಡಿಯಬೇಕು. ಅದು ತಡವಾದರೂ, 2019ರಿಂದ ಸುಪ್ರೀಂ ಕೋರ್ಟೇ ತನ್ನ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನು ಪ್ರಕಟಿಸುತ್ತಿರುವಾಗ, ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿಂದ ಹೊರಡುವ ಪ್ರತಿಯೊಂದು ಇಂಗ್ಲಿಷ್ ತೀರ್ಪಿನ ನಕಲಿನ ಜೊತೆ, ಕಕ್ಷಿದಾರ ತಾನೇ ಓದಿಕೊಳ್ಳುವಂತೆ ಒಂದೆರಡು ಪುಟದ ಕನ್ನಡ ಸಾರಾಂಶವನ್ನು ಲಗತ್ತಿಸಲು ಏನು ಅಡ್ಡಿ?