ಬೆನ್ನಿನ ಮೋಟಾರ್ ಪಂಪನ್ನು ಮಧ್ಯಾಹ್ನ ಮೂರರ ಮೇಲೆ ಪರೀಕ್ಷಿಸಬೇಕು

ನಮ್ಮ ಮೂಡಿಗೆರೆ ಕಡೆ ಇಬ್ಬರು ಕಾಫಿ ಬೆಳೆಗಾರರು ಸೇರಿದರೆ ಬೆನ್ನಿಗೆ ಹೊರುವ ಪೆಟ್ರೋಲ್ ಮೋಟಾರಿನ ಸ್ಪ್ರೇಯರ್ ಮಾತು ಈಗ ಬಂದೇ ಬರುತ್ತದೆ. ಬ್ಯಾರಲ್ಲಿನಲ್ಲಿ ಬೋರ್ಡೋ (ತಾಮ್ರದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಕಲಸಿ, ಉದ್ದದ ಪೈಪು ಎಳೆದು, ಗನ್ನು ಹಿಡಿದು ಔಷಧಿ ಹೊಡೆಯಲು ಮೂರು ನಾಲ್ಕು ಆಳು ಬೇಕು. ಅಷ್ಟು ಜನ ಒಂದೇ ದಿನ ಸಿಗುವುದು ಅಪರೂಪವಾಗಿದೆ. ಬೆನ್ನಿನ ಯಂತ್ರಕ್ಕಾದರೆ ಹೊಡೆಯುವವರೊಬ್ಬರು, ತುಂಬಿಸಿಕೊಡುವವರೊಬ್ಬರು ಸಾಕು. ಈ ಲೆಕ್ಕಕ್ಕೆ ಮನಸೋತು ಹೋದ ವರ್ಷ ನಾನೂ ಒಂದನ್ನು ಕೊಂಡೆ. ಅಂಗಡಿಯ ಅಂಗಳದಲ್ಲಿ ನೀರು ತುಂಬಿಸಿ ಓಡಿಸಿ ತೋರಿಸಿದಾಗ ಮಂಜಿನಂಥ ತುಂತುರು ಎದುರಿನ ಬೇಲಿ ದಾಟಿ ಹೋಯಿತು, ನೋಡುತ್ತಿದ್ದವರೆಲ್ಲ ತಲೆದೂಗಿದೆವು. ಮುಂಗಾರಿಗೆ ಮುಂಚೆಯೂ ಮಳೆ ಬಿಟ್ಟ ಮೇಲೂ ಅರೇಬಿಕಾದ ಒಂದು ತಾಕಿಗೆ ಅದರಲ್ಲೇ ಬೋರ್ಡೋ ಹೊಡೆಸಿದೆ. ನವೆಂಬರ್ ಹೊತ್ತಿಗೆ ಆ ತಾಕಿನಲ್ಲಿ ಯಾವ ಎಲೆ ಮಗುಚಿದರೂ ಎಲೆ ತುಕ್ಕು ರೋಗದ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟುತ್ತಿತ್ತು. ಪೈಪಿನಲ್ಲಿ ಹೊಡೆದಿದ್ದ ಪಕ್ಕದ ತಾಕು ಹಸಿರಾಗಿಯೇ ಇತ್ತು.

ತಪ್ಪು ನನ್ನದೇ. ನಾನು ಪರೀಕ್ಷಿಸಿದ್ದು ಯಂತ್ರ ಎಷ್ಟು ದೂರ ಚಿಮ್ಮುತ್ತದೆ ಎಂಬುದನ್ನು ಮಾತ್ರ. ಎಲೆ ತುಕ್ಕು ರೋಗದ ಶಿಲೀಂಧ್ರ ಒಳಗೆ ಇಳಿಯುವುದು ಎಲೆಯ ಅಡಿಭಾಗದಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ. ಬೋರ್ಡೋ ರೋಗ ಬಂದ ಮೇಲೆ ವಾಸಿಮಾಡುವ ಔಷಧಿಯಲ್ಲ. ಬೀಜಕಣ ಬಂದು ಕೂರುವ ಮೊದಲೇ ತಾಮ್ರದ ಲೇಪ ಅಲ್ಲಿರಬೇಕು. ಎಲೆಯ ಮೇಲ್ಭಾಗವನ್ನು ಎಷ್ಟು ತೋಯಿಸಿದರೂ ಅಡಿಭಾಗ ಬರಿದಾಗಿದ್ದರೆ ಔಷಧಿಗೂ ಕೂಲಿಗೂ ಕೊಟ್ಟ ಹಣ ಮಣ್ಣುಪಾಲು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಮುಂದೆ ಅಲ್ಲಿಯ ಕಾಫಿ ತೋಟಗಳನ್ನೇ ಅಳಿಸಿ ಚಹಾಕ್ಕೆ ದಾರಿಮಾಡಿದ ರೋಗ ಇದು. ಕೊಳೆರೋಗದ ಕಾಟವಿರುವ ತಗ್ಗು ತಾಕುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿಯೂ ಮುಂಗಾರಿಗೆ ಮುಂಚೆ ಎಲೆಯಡಿ ಮತ್ತು ಕಾಯಿಗೊಂಚಲು ತೋಯಲೇಬೇಕು. ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ ‘ಕೊಳೆರೋಗ’ವೇ ಸೇರಿಕೊಂಡಿದೆ ಎಂದರೆ, ಈ ಬೇನೆಯನ್ನು ನಮ್ಮ ಹಿರಿಯರು ಎಷ್ಟು ಹತ್ತಿರದಿಂದ ಕಂಡಿದ್ದರು ಎಂದು ಊಹಿಸಬಹುದು.

ಈ ವರ್ಷ ಮೇ ತಿಂಗಳಲ್ಲಿ ನಾನು ಎರಡು ಸಾಲು ಗಿಡಗಳಿಗೆ ಪೈಪಿನಲ್ಲಿ, ಎರಡು ಸಾಲಿಗೆ ಬೆನ್ನಿನ ಯಂತ್ರದಲ್ಲಿ ಹೊಡೆಸಿ, ಒಣಗಿದ ಮೇಲೆ ಒಂದೊಂದೇ ಎಲೆ ಮಗುಚಿ ನೋಡಿದೆ. ಇದಕ್ಕೆ ಯಾವ ಉಪಕರಣವೂ ಬೇಡ. ಒಣಗಿದ ಬೋರ್ಡೋ ತಿಳಿನೀಲಿ ಚುಕ್ಕಿಗಳಾಗಿ ಎಲೆಯ ಮೇಲೆ ನಿಲ್ಲುವುದರಿಂದ ಔಷಧಿ ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ನಳಿಗೆಯನ್ನು ಗಿಡಕ್ಕೆ ತೀರ ಹತ್ತಿರ ಹಿಡಿದ ಕಡೆ ಗಾಳಿಯ ರಭಸಕ್ಕೆ ಎಲೆಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಒರಗಿ, ಒಳಗಿನವು ಒಣಗಿಯೇ ಉಳಿದಿದ್ದವು. ಒಂದಾಳು ದೂರದಿಂದ, ಕೆಳಗಿನಿಂದ ಮೇಲಕ್ಕೆ ಮುಖಮಾಡಿ ಹಿಡಿದ ಕಡೆ ಎಲೆಗಳು ಅಲುಗಾಡಿ, ಅಡಿಭಾಗದ ತುಂಬ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಸರಿಯಾಗಿ ಹಿಡಿದರೆ ಈ ಯಂತ್ರ ಪೈಪಿಗೇನೂ ಕಡಿಮೆಯಿಲ್ಲ ಎಂದು ಆ ಬೆಳಿಗ್ಗೆ ನನಗೆ ನಿಜಕ್ಕೂ ಸಂತೋಷವಾಯಿತು.

ಮಧ್ಯಾಹ್ನದ ಮೇಲೆ ಹೊಡೆದ ಸಾಲುಗಳನ್ನು ಮಾರನೆಯ ದಿನ ನೋಡಿದಾಗ ಆ ಸಂತೋಷ ಉಳಿಯಲಿಲ್ಲ. ಅದೇ ಯಂತ್ರ, ಅದೇ ಔಷಧಿ, ಅದೇ ಕೈ; ಆದರೆ ಗಿಡದ ಕೆಳಗಿನ ರೆಕ್ಕೆಗಳ (ಅಡ್ಡ ಕೊಂಬೆಗಳ) ಎಲೆಯಡಿಯಲ್ಲಿ ನೀಲಿ ಚುಕ್ಕಿ ಹುಡುಕಬೇಕಾಗಿತ್ತು. ಟ್ಯಾಂಕು ತುಂಬಿದಾಗ ಯಂತ್ರದ ಭಾರ 20 ಕೆ.ಜಿ. ದಾಟುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕಾದರೆ ಆ ಭಾರ ಹೊತ್ತು, ಇಳಿಜಾರಿನ ತರಗೆಲೆಯ ಮೇಲೆ ಕಾಲೂರಿ, ಪ್ರತಿ ಗಿಡಕ್ಕೂ ಬಗ್ಗಬೇಕು. ನಮ್ಮಲ್ಲಿ ಬಹಳ ವರ್ಷಗಳಿಂದ ಔಷಧಿ ಹೊಡೆಯುವ ಹಿರಿಯರನ್ನು ಕೇಳಿದೆ. “ಗೌಡ್ರೇ, ಒಂದು ಟ್ಯಾಂಕಿಗೆ ಬಗ್ಗಬಹುದು, ಇಪ್ಪತ್ತು ಟ್ಯಾಂಕಿಗೆ ಬಗ್ಗೋಕಾಗಲ್ಲ” ಎಂದರು. ಅವರ ಹೆಗಲಿನ ಮೇಲೆ ಪಟ್ಟಿ ಒತ್ತಿದ ಕೆಂಪು ಗೀರು ಸಂಜೆಯವರೆಗೂ ಹಾಗೆಯೇ ಇತ್ತು. ಬೆನ್ನ ಹಿಂದೆಯೇ ಅರಚುವ ಮೋಟಾರು, ಅದರ ಅದುರು, ಗಾಳಿ ತಿರುಗಿದಾಗ ಮುಖಕ್ಕೇ ಬರುವ ಸಣ್ಣ ತುಂತುರು ಇವೆಲ್ಲ ಬೇರೆ. ಎಲೆಯಡಿಯ ರಕ್ಷಣೆ ಕೊನೆಗೆ ನಿಂತಿರುವುದು ಒಬ್ಬ ಮನುಷ್ಯನ ಸೊಂಟದ ಮೇಲೆ ಎಂದಾದರೆ, ಆ ಸೊಂಟ ದಣಿದ ಹೊತ್ತಿನಲ್ಲಿ ಮಾಡದ ಪರೀಕ್ಷೆಯನ್ನು ಪರೀಕ್ಷೆ ಎಂದು ಕರೆಯುವುದಕ್ಕೆ ನಾನು ಒಪ್ಪುವುದಿಲ್ಲ.

ಔಷಧಿಯ ಪ್ರಮಾಣದ ವಿಷಯದಲ್ಲೂ ನಾವು ಎಡವುತ್ತಿದ್ದೇವೆ. ಶೇಕಡ 0.5ರ ಬೋರ್ಡೋ ಎಂದರೆ 200 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, ಅಂದರೆ ಲೀಟರಿಗೆ 5 ಗ್ರಾಂ. ಪೈಪಿನಲ್ಲಿ ಗಿಡವೊಂದಕ್ಕೆ ಒಂದು ಲೀಟರ್ ಹೊಡೆಯುವ ಕಡೆ ಬೆನ್ನಿನ ಯಂತ್ರದಲ್ಲಿ ಕಾಲು ಲೀಟರ್ ಹೊಡೆದು ಮುಂದೆ ಹೋದರೆ ಗಿಡಕ್ಕೆ ಸಿಗುವುದು ಒಂದೂಕಾಲು ಗ್ರಾಂ ಮಾತ್ರ. ಪೈಪಿನಲ್ಲಿ ಹೊಡೆದದ್ದರಲ್ಲಿ ಒಂದಷ್ಟು ತೊಟ್ಟಿಕ್ಕಿ ನೆಲ ಸೇರುತ್ತದೆ, ನಿಜ; ಆದರೂ ನಾಲ್ಕನೆಯ ಒಂದು ಪಾಲು ಸಾಕೆಂದು ನಾನು ನಂಬಲಾರೆ. ಹಾಗೆಂದು ನಾಲ್ಕು ಪಟ್ಟು ಗಟ್ಟಿಯಾಗಿ ಕಲಸಿದರೆ ಸುಣ್ಣ ತಳಕ್ಕಿಳಿದು ನಳಿಗೆ ಕಟ್ಟಿಕೊಳ್ಳುತ್ತದೆ, ಎಳೆ ಚಿಗುರು ಸುಡುವ ಭಯವೂ ಇದೆ. ಆದ್ದರಿಂದ ನಾನು ಬೋರ್ಡೋವನ್ನು ಮತ್ತೆ ಪೈಪಿಗೇ ಒಪ್ಪಿಸಿದ್ದೇನೆ. ಎಲೆಯೊಳಗೆ ಹೀರಿಕೊಳ್ಳುವ ಹೆಕ್ಸಾಕೊನಜೋಲ್‌ನಂಥ ಔಷಧಿಗೆ ಮಾತ್ರ, ಅದೂ ಗಿಡಕ್ಕೆ ಬೀಳುವ ಪ್ರಮಾಣವನ್ನು ಅಳೆದುಕೊಂಡು, ಬೆನ್ನಿನ ಯಂತ್ರ ಬಳಸುತ್ತೇನೆ.

ಅಳೆಯುವುದೇನೂ ಕಷ್ಟವಲ್ಲ. ಟ್ಯಾಂಕಿಗೆ ಅಳತೆಯ ನೀರು ತುಂಬಿ, ಹೊಡೆಯುವವರು ತಮ್ಮ ಎಂದಿನ ನಡಿಗೆಯಲ್ಲೇ ಹೋಗಲಿ. ನೀರು ಮುಗಿದಾಗ ಎಷ್ಟು ಗಿಡ ಆಯಿತೆಂದು ಎಣಿಸಿದರೆ ಆಯಿತು. ಎತ್ತರ ಬೆಳೆಯುವ ರೋಬಸ್ಟಾ ಕಾಫಿ ಇರುವವರು ಇನ್ನೊಂದನ್ನು ನೋಡಬೇಕು: ಒಳಗೆ ಬೇರೆ ಪಂಪಿಲ್ಲದ ಯಂತ್ರಗಳಲ್ಲಿ ನಳಿಗೆಯನ್ನು ಟ್ಯಾಂಕಿಗಿಂತ ಮೇಲಕ್ಕೆ ಎತ್ತಿದಂತೆಲ್ಲ ಔಷಧಿಯ ಹರಿವು ಕಡಿಮೆಯಾಗುತ್ತದೆ, ಎತ್ತರದ ರೆಕ್ಕೆಗಳಿಗೆ ಬರೀ ಗಾಳಿ ಹೋಗುತ್ತದೆ.

ಕಾಫಿ ಮಂಡಳಿಯ ಸಂಶೋಧನಾ ಕೇಂದ್ರವಿರುವ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಕಾಫಿ ಮಂಡಳಿಯವರು ಇಂಥ ಯಂತ್ರಗಳ ಪ್ರಾತ್ಯಕ್ಷಿಕೆಯನ್ನು ಇಳಿಜಾರಿನ ತಾಕಿನಲ್ಲಿ ಇಡೀ ದಿನ ನಡೆಸಿ, ಬೆಳಿಗ್ಗೆಯ ಮೊದಲ ಟ್ಯಾಂಕಿನ ಎಲೆಗಳನ್ನೂ ಸಂಜೆಯ ಕೊನೆಯ ಟ್ಯಾಂಕಿನ ಎಲೆಗಳನ್ನೂ ಪಕ್ಕಪಕ್ಕದಲ್ಲಿ ಮಗುಚಿ ತೋರಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸೆಪ್ಟೆಂಬರಿನಲ್ಲಿ ಮಳೆ ಹೊಳವಾದೊಡನೆ ನಮ್ಮ ಮೇಲಿನ ತಾಕಿನಲ್ಲಿ ನಾನು ಇದನ್ನು ಮತ್ತೊಮ್ಮೆ ಮಾಡುವವನಿದ್ದೇನೆ. ಈ ಸಲ ಟ್ಯಾಂಕಿಗೆ ಅರ್ಧ ಮಾತ್ರ ತುಂಬಿಸಿ, ಪ್ರತಿ ಐದು ಟ್ಯಾಂಕಿಗೆ ಆಳು ಬದಲಿಸಿ ನೋಡಬೇಕೆಂದಿದ್ದೇನೆ. ಹತ್ತಿರದವರು ತಮ್ಮ ಯಂತ್ರ ತಂದರೆ ಅದನ್ನೂ ಅದೇ ಸಾಲುಗಳಲ್ಲಿ ಓಡಿಸೋಣ. ಮೂರು ಗಂಟೆಯ ಮೇಲೂ ಉಳಿಯುವಂತೆ ಬನ್ನಿ.