ಅಮಾವಾಸ್ಯೆಯ ಭಜನೆ ಮತ್ತು ದಿಲ್ಲಿಗೆ ಹೋದ ನಮ್ಮ ಕ್ಲಬ್

ನಿನ್ನೆ ಅಮಾವಾಸ್ಯೆ. ವಾಡಿಯಲ್ಲಿ ನಮ್ಮ ಓಣಿಯ ಮಠದ ಭಜನೆ ಮುಗಿಸಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಮನೆಗೆ ಬಂದೆ. ಹಾಸಿಗೆ ಹಾಸಿಕೊಂಡರೂ ನಿದ್ದೆ ಹತ್ತಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಚಹಾ ಕೊಡಲು ಹಾಡು ನಿಲ್ಲಿಸಿದ್ದಾಗ ಹೈದರಾಬಾದ್ ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬಿನ ಹಳದಿ ಜರ್ಸಿ ತೊಟ್ಟ ಒಬ್ಬ ಹುಡುಗ ನನ್ನ ಪಕ್ಕಕ್ಕೆ ಬಂದು ಕುಳಿತಿದ್ದ. ಹನ್ನೆರಡು ವರ್ಷವಿರಬಹುದು. ಆ ಜರ್ಸಿ ಅವನ ಅಣ್ಣನದು, ನಾನೇ ಹೈದರಾಬಾದಿನ ಗಚ್ಚಿಬೌಲಿಯಿಂದ ತಂದುಕೊಟ್ಟದ್ದು. ಈಗ ಅದರ ಬಣ್ಣ ಮಾಸಿದೆ, ತೋಳು ಮೊಣಕೈವರೆಗೆ ಇಳಿದಿದೆ.

"ಕಾಕಾ, ನಮ್ಮ ಟೀಮ್ ಈಗ ಎಲ್ಲಿ ಅದರೀ?" ಎಂದು ಕೇಳಿದ.

"ದಿಲ್ಲಿಗೆ ಹೋಗ್ಯಾದಪ್ಪ" ಎಂದೆ.

"ವಾಪಸ್ ಯಾವಾಗ ಬರ್ತದ್ರೀ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಷ್ಟರಲ್ಲಿ ತಬಲಾದವರು ಕೈ ಹಚ್ಚಿದರು, ಹುಡುಗ ಎದ್ದು ಹೋದ. ಆಗಿನಿಂದ ಹೊಟ್ಟೆಯಲ್ಲಿ ಉರಿಯುತ್ತಿರುವುದನ್ನು ಇಲ್ಲಿ ಬರೆದು ಹೊರಹಾಕುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತು ಇದ್ದವರು ಓದಿರಿ.

ಆ ಹೈದರಾಬಾದ್ ಎಫ್‌ಸಿ 2019ರಲ್ಲಿ ಹುಟ್ಟಿತು, 2022ರಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗಾದ ಇಂಡಿಯನ್ ಸೂಪರ್ ಲೀಗ್ ಗೆದ್ದಿತು, 2025ರಲ್ಲಿ ದಿಲ್ಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರು ಇಟ್ಟುಕೊಂಡಿತು. ಆರು ವರ್ಷದಲ್ಲಿ ಹುಟ್ಟು, ಏಳಿಗೆ, ಗುಳೆ ಮೂರೂ ಆಗಿಹೋದವು. ಗುಳೆ ಹೋಗುವುದು ನಮ್ಮ ಭಾಗದವರಿಗೆ ಹೊಸದಲ್ಲ. ಆದರೆ ಗುಳೆ ಹೋಗುವವನು ಮನೆಗೆ ಬೀಗ ಹಾಕಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗುತ್ತಾನೆ. ಈ ಕ್ಲಬ್ ಹೋಗುವಾಗ ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕಲಬುರಗಿ ಜಿಲ್ಲೆಯವನಿಗೆ ಹೈದರಾಬಾದಿನ ಕ್ಲಬ್ಬಿನ ಉಸಾಬರಿ ಏಕೆ, ಬೆಂಗಳೂರಿನ ಕ್ಲಬ್ ಇಲ್ಲವೇ ಎಂದು ಕೇಳುವ ಗೆಳೆಯರಿದ್ದಾರೆ. ಬೆಂಗಳೂರಿನ ಕ್ಲಬ್ ಒಳ್ಳೆಯದು, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಬೆಂಗಳೂರಿಗೆ ಹೋಗಿ ಪಂದ್ಯ ನೋಡಿ ಬರಲು ನಮಗೆ ಹೋಗುವುದಕ್ಕೊಂದು, ಬರುವುದಕ್ಕೊಂದು ರಾತ್ರಿ ಬೇಕು. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿಯಲ್ಲಿ ಇಳಿಯುತ್ತೇವೆ, ಅಲ್ಲಿಂದ ಗಚ್ಚಿಬೌಲಿ ಮೈದಾನಕ್ಕೆ ಆಟೋ ಸಾಕು. ದೂರದ ಮಾತು ಹಾಗಿರಲಿ, 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ನಮ್ಮ ಮುತ್ಯಾ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಹೈದರಾಬಾದ್ ಸಿಟಿ ಪೊಲೀಸ್ ತಂಡ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಆಡಲು ಮುಂಬಯಿಗೆ ಹೋಗುವಾಗ ಗಾಡಿ ವಾಡಿಯಲ್ಲಿ ನಿಲ್ಲುತ್ತಿತ್ತು, ಆಟಗಾರರು ಪ್ಲಾಟ್‌ಫಾರ್ಮಿಗೆ ಇಳಿದು ಚಹಾ ಕುಡಿಯುತ್ತಿದ್ದರು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಆ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ ಗೆದ್ದಿತು. ಮುತ್ಯಾ ಐದು ಬೆರಳು ಬಿಚ್ಚಿ ತೋರಿಸುತ್ತಿದ್ದ, ಆ ಕೈ ಇನ್ನೂ ನನ್ನ ಕಣ್ಣ ಮುಂದಿದೆ.

ಆ ತಂಡ ಕಟ್ಟಿದವರು ತರಬೇತುದಾರ ಸೈಯದ್ ಅಬ್ದುಲ್ ರಹೀಮ್. ಶಾಲಾ ಮಾಸ್ತರರಾಗಿದ್ದವರು. ಭಾರತ 1951ರಲ್ಲಿ ದಿಲ್ಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ಅವರ ಕೈಯಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾವು ಸೆಮಿಫೈನಲ್ ಮುಟ್ಟಿ ನಾಲ್ಕನೆಯವರಾದದ್ದೂ ಅವರ ಕಾಲದಲ್ಲೇ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯನ್ ತಂಡ ಅದು. ಆ ತಂಡದಲ್ಲಿ ತುಳಸಿದಾಸ್ ಬಲರಾಂ, ನೂರ್ ಮೊಹಮ್ಮದ್, ಅಜೀಜುದ್ದೀನ್ ಅವರಂಥ ಹೈದರಾಬಾದಿನ ಹುಡುಗರಿದ್ದರು. ರಹೀಮ್ ಸಾಹೇಬರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ, ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು ಎಂಬ ನಿಯಮ ಹಾಕಿ ಟೂರ್ನಿ ನಡೆಸುತ್ತಿದ್ದರಂತೆ. ದುರ್ಬಲ ಕಾಲಿನಿಂದ ಮಾತ್ರ ಆಡಬೇಕಾದ ಟೂರ್ನಿಯನ್ನೂ ನಡೆಸುತ್ತಿದ್ದರಂತೆ. ಇದನ್ನು ಓದಿದ ದಿನ ನಾನು ಕಾಲೊನಿಯ ಹುಡುಗರಿಗೆ ಎಡಗಾಲಲ್ಲಿ ಮಾತ್ರ ಆಡಿಸಿದೆ. ಮೊದಲ ಹತ್ತು ನಿಮಿಷ ಒಬ್ಬನೂ ಚೆಂಡನ್ನು ನೆಟ್ಟಗೆ ಒದೆಯಲಿಲ್ಲ, ಒಂದು ತಾಸಾದ ಮೇಲೆ ಇಬ್ಬರು ಒದೆಯತೊಡಗಿದರು.

ರಹೀಮ್ ಸಾಹೇಬರು 1963ರಲ್ಲಿ ತೀರಿಕೊಂಡರು. ಒಳ್ಳೆಯ ಆಟಗಾರರು ಅದಕ್ಕೂ ಮೊದಲೇ ಕಲ್ಕತ್ತಾದ ದೊಡ್ಡ ಕ್ಲಬ್ಬುಗಳ ಕಡೆ ಮುಖ ಮಾಡಿದ್ದರು. ಕಾಲ ಕಳೆದಂತೆ ಆಟದ ಮೇಲೆ ನೌಕರಿ ಕೊಡುವುದು ಇಲಾಖೆಗಳಲ್ಲಿ ಕಡಿಮೆಯಾಯಿತು, ನೌಕರಿ ಹೋದ ಕಡೆ ಆಟವೂ ಹೋಯಿತು. ಆ ಕುಸಿತಕ್ಕೆ ಅರವತ್ತು ವರ್ಷ ಹಿಡಿಯಿತು. ನಮ್ಮ ಕಣ್ಣೆದುರಿನ ಕ್ಲಬ್ ಕುಸಿಯಲು ಎರಡು ವರ್ಷ ಸಾಕಾಯಿತು.

2019ರ ನವೆಂಬರ್ 2ರಂದು ಗಚ್ಚಿಬೌಲಿಯ ಮೊದಲ ಪಂದ್ಯಕ್ಕೆ ನಾನು ಹೋಗಿದ್ದೆ. ಕೇರಳ ಬ್ಲಾಸ್ಟರ್ಸ್ ಮೊದಲು ಗೋಲು ಹೊಡೆದಿತ್ತು. ನಮ್ಮವರು ಪೆನಾಲ್ಟಿಯಲ್ಲಿ ಸಮ ಮಾಡಿಕೊಂಡರು, ಆಮೇಲೆ ಮಾರ್ಸೆಲಿನೊ ಹೊಡೆದ ಫ್ರೀಕಿಕ್ ಬಲೆಗೆ ಬಿತ್ತು. ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ನನ್ನನ್ನು ತಬ್ಬಿಕೊಂಡ, ನಾನೂ ತಬ್ಬಿಕೊಂಡೆ. ಆ ವರ್ಷ ತಂಡ ಅಂಕಪಟ್ಟಿಯ ಕೊನೆಯಲ್ಲಿ ಉಳಿಯಿತು, ಅದರ ಬಗ್ಗೆ ನಮಗೆ ಬೇಸರವೇ ಆಗಲಿಲ್ಲ. ಮುಂದಿನ ಎರಡು ಋತು ಕೊರೊನಾದಿಂದಾಗಿ ಲೀಗ್ ಪೂರ್ತಿ ಗೋವಾದಲ್ಲಿ ನಡೆಯಿತು. 2022ರ ಮಾರ್ಚ್ 20ರ ಫೈನಲ್ಲಿನಲ್ಲಿ ಮತ್ತೆ ಅದೇ ಬ್ಲಾಸ್ಟರ್ಸ್ ಎದುರಾಯಿತು. 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಸಮ ಮಾಡಿದ ಗೋಲು, ಪೆನಾಲ್ಟಿಯಲ್ಲಿ ಮೂರು ಹೊಡೆತ ತಡೆದ ಲಕ್ಷ್ಮೀಕಾಂತ ಕಟ್ಟಿಮನಿ! ಕಟ್ಟಿಮನಿ ಗೋವಾದ ಆಟಗಾರ, ಆದರೆ ಆ ಅಡ್ಡಹೆಸರು ನಮ್ಮ ಕಡೆ ಊರೂರಲ್ಲಿದೆ. ನಮ್ಮ ಮನೆಯಲ್ಲಿ ಟಿವಿ ಮುಂದೆ ಕುಳಿತ ಹದಿನೈದು ಜನ ಸೋದರಮಾವನೇ ಗೆದ್ದಂತೆ ಕುಣಿದರು.

ಮರುವರ್ಷ ಪಂದ್ಯಗಳು ಗಚ್ಚಿಬೌಲಿಗೆ ಮರಳಿದವು, ತಂಡ ಲೀಗಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಅದರ ಮುಂದಿನ ವರ್ಷ, 2023–24ರಲ್ಲಿ, ಸಂಬಳ ಬಾಕಿಯ ಸುದ್ದಿ ಒಂದರ ಹಿಂದೆ ಒಂದು ಬಂತು, ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ಫಿಫಾ ನಿಷೇಧ ಬಂತು, ಹೆಸರಿದ್ದ ಆಟಗಾರರು ನಡುವೆಯೇ ಬಿಟ್ಟುಹೋದರು. ಉಳಿದ ಎಳೆಯ ಹುಡುಗರನ್ನು ಕಟ್ಟಿಕೊಂಡು ತರಬೇತುದಾರ ತಂಗ್‌ಬೊಯ್ ಸಿಂಗ್ಟೊ 22 ಪಂದ್ಯ ಆಡಿಸಿದರು. ಒಂದೇ ಗೆಲುವು, ಎಂಟೇ ಅಂಕ. ಆ ಹುಡುಗರ ಮೇಲೆ ನನಗೆ ಅಪಾರ ಗೌರವವಿದೆ. ಸೋಲುತ್ತೇವೆಂದು ಗೊತ್ತಿದ್ದೂ ಪ್ರತಿ ವಾರ ಮೈದಾನಕ್ಕೆ ಇಳಿದರು. ಸೋಲಿಗೆ ನಾನು ಅಳುವವನಲ್ಲ. ಕೊನೆಯ ಸ್ಥಾನದ ತಂಡಕ್ಕಾಗಿ ಇನ್ನೂ ಇಪ್ಪತ್ತು ವರ್ಷ ಲಿಂಗಂಪಲ್ಲಿಯಲ್ಲಿ ಇಳಿಯಲು ನಾನು ತಯಾರಿದ್ದೆ. ಆದರೆ ನಮ್ಮನ್ನು ಯಾರೂ ಕೇಳಲಿಲ್ಲ.

ನಮ್ಮ ಕ್ಲಬ್ಬಿನ ಕಥೆ ಮಾತ್ರವೇ ಹೀಗಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಹೈದರಾಬಾದ್ ಎಫ್‌ಸಿ ಲೀಗಿಗೆ ಬಂದದ್ದೇ ಮುಚ್ಚಿಹೋದ ಪುಣೆ ಕ್ಲಬ್ಬಿನ ಜಾಗಕ್ಕೆ. ಅದೇ 2019ರಲ್ಲಿ ದಿಲ್ಲಿಯ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅಂದರೆ ದಿಲ್ಲಿಯ ಅಭಿಮಾನಿಗಳು ತಮ್ಮ ಕ್ಲಬ್ ಕಳೆದುಕೊಂಡು ಅತ್ತದ್ದನ್ನೇ ಆರು ವರ್ಷದ ನಂತರ ನಾವು ಅತ್ತೆವು, ನಾವು ಕಳೆದುಕೊಂಡದ್ದು ಅವರ ಊರಿಗೆ ಹೋಯಿತು. ಪುಣೆಯ ಹುಡುಗರು ಆಗ ಏನು ಮಾಡಿದರೋ ಎಂದು ನಾನು 2019ರಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ, ಹೊಸ ಜರ್ಸಿಯ ಖುಷಿಯಲ್ಲಿದ್ದೆ. ಅದು ನನ್ನ ತಪ್ಪು. ಲೀಗಿನಲ್ಲಿ ಕ್ಲಬ್ ಎಂದರೆ ಒಂದು ಪರವಾನಗಿ, ಅದನ್ನು ಹಣ ಹಾಕಿದವರು ಎಲ್ಲಿಗಾದರೂ ಒಯ್ಯಬಹುದು ಎಂಬ ವ್ಯವಸ್ಥೆಯೇ ಈ ರೋಗದ ಮೂಲ.

ಈಗ ನಿನ್ನೆಯ ರಾತ್ರಿಗೆ ಬರುತ್ತೇನೆ. ನಮ್ಮ ಮಠದ ಅಮಾವಾಸ್ಯೆ ಭಜನೆ ನಾನು ಹುಟ್ಟುವ ಮೊದಲಿನಿಂದ ನಡೆದಿದೆ. ಒಂದು ಹಾರ್ಮೋನಿಯಂ, ತಬಲಾ, ಎರಡು ದಮ್ಮಡಿ, ತಾಳ, ಒಬ್ಬ ಮುತ್ಯಾನ ಕೈಯಲ್ಲಿ ಏಕತಾರಿ. ಹಾಡುವವರಲ್ಲಿ ಒಬ್ಬರು ಗ್ಯಾಂಗ್‌ಮನ್, ಒಬ್ಬರು ಕಲ್ಲುಗಣಿಯಲ್ಲಿ ಪರಸಿ ಒಡೆಯುವವರು, ಇಬ್ಬರು ಹೊಲಮನಿ ಮಾಡುವ ಅಣ್ಣತಮ್ಮಂದಿರು. ಒಬ್ಬರ ಪದ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂನ ಒಂದು ಮನೆ ನುಡಿಯುವುದಿಲ್ಲ. ನಿನ್ನೆ ಅದರ ಹತ್ತಿರವೇ ಕುಳಿತು ನೋಡಿದೆ: ಬಾರಿಸುವವರ ಬೆರಳು ಆ ಮನೆ ಬಂದಾಗ ತಡವರಿಸದೆ ಅದನ್ನು ದಾಟಿಬಿಡುತ್ತದೆ, ಆ ಒಂದು ಸ್ವರವನ್ನು ಮಾತ್ರ ಹಾಡುವವರು ಗಂಟಲಿನಿಂದ ತುಂಬುತ್ತಾರೆ. ಎಷ್ಟು ವರ್ಷದ ಹೊಂದಾಣಿಕೆ ಇದ್ದರೆ ಹಾಗಾದೀತು! ಕೇಳುತ್ತ ಕೇಳುತ್ತ ನನ್ನ ಕಣ್ಣು ತುಂಬಿದವು.

ಮಠದ ಗೂಡಿನಲ್ಲಿ ಒಂದು ಪಟ್ಟಿ ಪುಸ್ತಕವಿದೆ. ಭಜನೆಗೆ ಯಾರು ಏನು ಕೊಟ್ಟರು ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತಾರೆ. ಐವತ್ತೊಂದು ರೂಪಾಯಿ, ಎರಡು ಸೇರು ಜೋಳ, ಒಂದು ಡಬ್ಬಿ ಒಳ್ಳೆಣ್ಣೆ, ಚಹಾಪುಡಿ. ಸಾವಿರದೊಂದು ಕೊಟ್ಟವರ ಹೆಸರೂ ಜೋಳ ಕೊಟ್ಟವಳ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿವೆ. ನಡುವೆ ಒಂದು ಹಳೆಯ ಪುಟದಲ್ಲಿ ನಮ್ಮ ಅಪ್ಪನ ಹೆಸರು ಸಿಕ್ಕಿತು, ಎದುರಿಗೆ "ದಮ್ಮಡಿ ಚರ್ಮ ಬದಲಿ" ಎಂದಿತ್ತು. ಅಪ್ಪ ಮೂವತ್ತು ವರ್ಷ ಅಲ್ಲಿ ದಮ್ಮಡಿ ಬಾರಿಸಿದವನು. "ಬಾರೋ ತಮ್ಮಾ, ಒಂದ್ ತಾಸು ಕುಂತು ಹೋಗು" ಎಂದು ಪ್ರತಿ ಅಮಾವಾಸ್ಯೆಗೆ ಕರೆಯುತ್ತಿದ್ದ. ಪಂದ್ಯ ಇದೆ ಎಂದು ನಾನು ಟಿವಿ ಮುಂದೆ ಕೂಡುತ್ತಿದ್ದೆ. ಸಾವಿರಾರು ಮೈಲಿ ಆಚೆಯ ಕ್ಲಬ್ಬುಗಳ ಮಾಲೀಕರು ಯಾರು, ಮೈದಾನದಲ್ಲಿ ಆಸನ ಎಷ್ಟು ಎಂದೆಲ್ಲ ನನಗೆ ಬಾಯಿಪಾಠವಿತ್ತು, ಅಪ್ಪನ ಜೊತೆ ಕುಳಿತು ಒಂದು ಪದಕ್ಕೂ ನಾನು ದನಿ ಕೂಡಿಸಲಿಲ್ಲ. ಅವನು ಹೋದ ಮೇಲೆ ಹೋಗಲು ಶುರುಮಾಡಿದೆ. ಈ ಮಾತು ಮನೆಯವರಿಗೂ ಹೇಳಿರಲಿಲ್ಲ.

ಆ ಭಜನೆಯನ್ನು ಯಾರಾದರೂ ದಿಲ್ಲಿಗೆ ಒಯ್ಯಬಲ್ಲರೇ? ಹಾರ್ಮೋನಿಯಂ ಒಯ್ಯಬಹುದು, ಎರಡು ಸೇರು ಜೋಳ ಕೊಟ್ಟ ಅಕ್ಕನನ್ನು ಕೇಳದೆ ಭಜನೆಯನ್ನು ಒಯ್ಯಲಾಗದು.

ಭಜನೆಯೇ ಬೇರೆ, ಫುಟ್‌ಬಾಲೇ ಬೇರೆ, ಕ್ಲಬ್ ನಡೆಸಲು ಕೋಟಿಗಟ್ಟಲೆ ರೂಪಾಯಿ ಬೇಕು, ಪಟ್ಟಿ ಎತ್ತಿ ಲೀಗ್ ಆಡಲಾದೀತೇ ಎಂದು ಕೆಳಗೆ ಬರೆಯುವವರಿದ್ದೀರಿ, ನನಗೆ ಗೊತ್ತು. ಹಣ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಲಂಡನ್ನಿನ ವಿಂಬಲ್ಡನ್ನಿನಲ್ಲಿ ಏನಾಯಿತು ನೋಡಿರಿ. ಅಲ್ಲಿಯ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ಅಳುತ್ತ ಕೂಡಲಿಲ್ಲ. ಕೆಲವೇ ವಾರಗಳಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು, ಊರ ಬಯಲಿನಲ್ಲಿ ಆಯ್ಕೆ ನಡೆಸಿ ಆಟಗಾರರನ್ನು ಆರಿಸಿಕೊಂಡರು, ಇಂಗ್ಲೆಂಡಿನ ಲೀಗುಗಳ ತಳದ ಮೆಟ್ಟಿಲುಗಳಿಂದ ಶುರುಮಾಡಿ 2011ರಲ್ಲಿ ಫುಟ್‌ಬಾಲ್ ಲೀಗಿಗೆ ಏರಿದರು. 2020ರಲ್ಲಿ ಅವರು ಮರಳಿ ತಮ್ಮ ಪ್ಲೌ ಲೇನಿಗೆ, ಹೊಸದಾಗಿ ಕಟ್ಟಿದ ಮೈದಾನಕ್ಕೆ ಬಂದರು. ಅದಕ್ಕೂ ಸಾಮಾನ್ಯ ಅಭಿಮಾನಿಗಳ ಹಣ ಸೇರಿದೆ. ಅವರದು ಶ್ರೀಮಂತ ದೇಶ ಎಂಬ ವಾದವನ್ನೂ ನಾನು ಕೇಳಿದ್ದೇನೆ, ಅದು ನನಗೆ ರುಚಿಸುವುದಿಲ್ಲ. ಪ್ರತಿ ವರ್ಷ ಜಾತ್ರೆಗೆ ತೇರು ಎಳೆಯುವ ನಮಗೆ ಕೂಡಿ ಖರ್ಚು ಹಾಕುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಾನು ಇಂದೇ ಸೂಪರ್ ಲೀಗ್ ಕ್ಲಬ್ ಕಟ್ಟುತ್ತೇನೆ ಎಂದು ಹೇಳುತ್ತಿಲ್ಲ. ಆಟ ನೋಡುವವರಿಗೆ ಕ್ಲಬ್ಬಿನಲ್ಲಿ ಒಂದು ಮತ ಇರಬೇಕು, ಊರು ಬಿಡುವ ಮಾತು ಬಂದಾಗ ಆ ಮತ ಕೇಳಬೇಕು ಎಂಬ ನಿಯಮವನ್ನು ಈ ದೇಶದ ಫುಟ್‌ಬಾಲ್ ಆಳುವವರು ಬರೆಯಲಿ ಎಂದು ಕೇಳುತ್ತಿದ್ದೇನೆ. ಅಲ್ಲಿಯವರೆಗೆ ಇನ್ನೊಂದು ಕ್ಲಬ್ಬಿನ ಜರ್ಸಿಯನ್ನು ಯಾವ ಹುಡುಗನಿಗೂ ನಾನು ತಂದುಕೊಡುವುದಿಲ್ಲ.

ಇಷ್ಟು ಬರೆಯುವಾಗ ಬೆಳಗಾಗಿ ಬಹಳ ಹೊತ್ತಾಗಿದೆ. ನಡುವೆ ಎದ್ದು ಹೋಗಿ ಅಂಗಡಿಯಿಂದ ಇನ್ನೂರು ಪುಟದ ಗೆರೆಯ ನೋಟ್‌ಬುಕ್ ತಂದೆ. ಆ ಹುಡುಗನ ಮನೆ ಎರಡು ಗಲ್ಲಿ ಆಚೆ ಇದೆ. ಅವನನ್ನು ಎಬ್ಬಿಸಿ ಮೊದಲ ಪುಟದಲ್ಲಿ ಅವನ ಹೆಸರು ಬರೆಸಿದೆ, ಎದುರಿಗೆ ಹತ್ತು ರೂಪಾಯಿ ಎಂದು ಅವನೇ ಬರೆದ. ಎರಡನೆಯದು ನನ್ನ ಹೆಸರು. ಅವನ ತಾಯಿ ಒಳಗಿಂದ ಬಂದು, "ಹುಡುಗರು ಆಡಿ ಬಂದಾಗ ಅವಲಕ್ಕಿ ನಾ ಮಾಡಿ ಕೊಡ್ತೀನ್ರೀ, ಅದನ್ನೂ ಬರಕೋರಿ" ಎಂದರು, ಅದನ್ನೂ ಬರೆದುಕೊಂಡೆ. ರೈಲ್ವೆ ಕಾಲೊನಿ ಮೈದಾನದ ಗೋಲಿಗೆ ಬಲೆ ಇಲ್ಲ, ಎರಡು ಚೆಂಡು ಬೇಕು. ವಾಡಿ, ಶಹಾಬಾದ್, ಚಿತ್ತಾಪುರದ ಗೆಳೆಯರು ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿರಿ, ಪುಸ್ತಕ ನನ್ನ ಕೈಯಲ್ಲಿರುತ್ತದೆ.